ಹೂಂ ಅನ್ನದ ಜಾಗ

ಅಂಗಡಿ ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಮೇಜಿನ ಮೇಲಿಟ್ಟಿದ್ದ ಫೋನು ನಡುಗಿತು. ಪಾಠದ ಹೊತ್ತಿನಲ್ಲಿ ಅಮ್ಮ ಫೋನು ಮಾಡುವವರಲ್ಲ, ಹಾಗಾಗಿ ವರಾಂಡಕ್ಕೆ ಹೋಗಿ ತೆಗೆದುಕೊಂಡೆ. "ಅಕ್ಕ ಹೋಗ್ಬಿಟ್ರು ಕಣೆ," ಎಂದರು ಅಮ್ಮ. ನಾನು "ಹೂಂ" ಎಂದೆ. ಬೆಳಗ್ಗೆ ಕಾಫಿ ಕುಡಿದರಂತೆ, ಸೊಸೆಯ ಹತ್ತಿರ ಕಿಟಕಿ ತೆಗೆಸಿದರಂತೆ, ಆಮೇಲೆ ಕರೆದರೆ ಮಾತಿಲ್ಲವಂತೆ. ಅಮ್ಮ ಒಂದೊಂದೇ ಹೇಳುತ್ತಿದ್ದರು, ನಾನು ಹೂಂ, ಹೂಂ ಎನ್ನುತ್ತಾ ನಿಂತಿದ್ದೆ. ಹೂಂ ಅನ್ನುವುದನ್ನು ನನಗೆ ಕಲಿಸಿದವರೇ ಅಕ್ಕ. ಅವರ ಸಾವಿನ ಸುದ್ದಿಗೂ ಬೇರೆ ಮಾತು ಬಾಯಿಗೆ ಬರಲಿಲ್ಲ.

ಶನಿವಾರಸಂತೆಯಲ್ಲಿ ಸಂತೆಮಾಳಕ್ಕೆ ತಿರುಗುವ ಬೀದಿಯಲ್ಲಿ ಅವರ ಬಟ್ಟೆ ಅಂಗಡಿ. ಅಂಗಡಿಯ ಹಿಂದೆ ಅವರ ಮನೆ, ಮನೆಯ ಹಿಂದೆ ಅವರದೇ ಇನ್ನೊಂದು ಪುಟ್ಟ ಮನೆ. ಅದರಲ್ಲಿ ನಾವು ಬಾಡಿಗೆಗೆ ಇದ್ದೆವು. ನನ್ನ ಅಪ್ಪ ಖಾಸಗಿ ಬಸ್ಸುಗಳ ಏಜೆಂಟು. ಅಮ್ಮ ಅವರನ್ನು ಅಕ್ಕ ಎಂದು ಕರೆಯುತ್ತಿದ್ದರು, ನಾನೂ ಅಕ್ಕ ಎಂದೇ ಕರೆದೆ. ಅವರ ಮೊಮ್ಮಕ್ಕಳೂ ಅಕ್ಕ ಎನ್ನುತ್ತಿದ್ದವು. ಯಾರ ಬಾಯಲ್ಲೂ ಅವರು ಅಜ್ಜಿಯಾಗಲಿಲ್ಲ. ಹಣೆಗೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಕತ್ತರಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಗಂಡ ಸಣ್ಣ ವಯಸ್ಸಿನಲ್ಲೇ ಹೋಗಿದ್ದರು. ಮಗ ಆಗ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಂದಿನಿಂದ ಅಂಗಡಿಯ ಗಾದಿಯ ಮೇಲೆ ಅವರೇ ಕೂತು ವ್ಯಾಪಾರ ನಡೆಸಿದವರು.

ನಮ್ಮ ಕಡೆ ವ್ಯಾಪಾರಕ್ಕೆ ಒಂದು ಭಾಷೆ ಸಾಲುವುದಿಲ್ಲ. ಅಕ್ಕನಿಗೆ ಕೊಡವರ ಮಾತಿನಲ್ಲಿ ಬೆಲೆ ಹೇಳಲು ಬರುತ್ತಿತ್ತು, ಮಲಯಾಳದಲ್ಲಿ ಬಣ್ಣ ಹೊಗಳಲು, ಉರ್ದುವಿನಲ್ಲಿ ಚೌಕಾಸಿಗೆ ಇಲ್ಲ ಅನ್ನಲು. ಕಥೆ ಮಾತ್ರ ಕನ್ನಡದಲ್ಲಿಯೇ. ಎಸ್ಟೇಟಿನ ಕೂಲಿ ಲೈನುಗಳಿಂದ ಬರುತ್ತಿದ್ದ ತಮಿಳು ಹೆಂಗಸರೂ ಅರ್ಧ ತಿಳಿದು ಅರ್ಧ ತಿಳಿಯದೆ ಆ ಕಥೆ ಕೇಳಿ ನಗುತ್ತಿದ್ದರು.

ಹೌದು, ಅವರು ಅಂಗಡಿಯಲ್ಲೇ ಕಥೆ ಹೇಳುತ್ತಿದ್ದರು, ಅದೂ ಹಾಡುಹಗಲಲ್ಲಿ. ಹಗಲು ಹೊತ್ತು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ ಎಂದು ನನ್ನ ಅಜ್ಜಿ ಹೆದರಿಸುತ್ತಿದ್ದರು. ನಾನು ಅದನ್ನು ಅಕ್ಕನಿಗೆ ವರದಿ ಮಾಡಿದೆ. "ತಪ್ಲಿ ಬಿಡು," ಎಂದರು ಅಕ್ಕ. "ಆಚೆ ಅಂಗಡಿಗೆ ಹೊಂಟೋರು ದಾರಿ ತಪ್ಪಿ ನಮ್ಮಂಗಡಿಗೇ ಬರ್ಲಿ."

ಚಳಿಗಾಲದಲ್ಲಿ ಅವರೆಕಾಯಿ ಬಂತೆಂದರೆ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ನೆರೆಹೊರೆಯ ಹೆಂಗಸರು ಸೇರುತ್ತಿದ್ದರು. ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ತೆಗೆಯುವ ಕೆಲಸ ಕೈಗೆ ಮಾತ್ರ, ಬಾಯಿಗೂ ಕಿವಿಗೂ ರಜೆ. ಅಂಥಲ್ಲಿ ಅಕ್ಕ ಕಥೆ ತೆಗೆಯುತ್ತಿದ್ದರು. ತೆಗೆಯುವ ಮೊದಲು ಹೂಂ ಅನ್ನುವುದಕ್ಕೆ ಒಬ್ಬರನ್ನು ನೇಮಿಸಬೇಕು. ಹೂಂ ಅನ್ನುವವರಿಲ್ಲದಿದ್ದರೆ ಅವರ ಬಾಯಿಂದ ಕಥೆ ಹೊರಡುತ್ತಿರಲಿಲ್ಲ. ದೊಡ್ಡವರು ನಡುವೆ ಒಲೆ, ಹಾಲು ಅಂತ ಎದ್ದು ಹೋಗುವವರು. ಹೀಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು.

ಮೊದಮೊದಲು ನಾನು ಬೇಕಾಬಿಟ್ಟಿ ಹೂಂ ಅನ್ನುತ್ತಿದ್ದೆ. ರಾಜ ಕುದುರೆ ಹತ್ತಿದ ಅಂದರೂ ಹೂಂ, ಬಿದ್ದ ಅಂದರೂ ಹೂಂ. ಒಂದು ದಿನ ಅಕ್ಕ ಅದೇ ದನಿಯಲ್ಲಿ, "ಆಮೇಲೆ ರಾಜ ನಮ್ಮ ಶನಿವಾರಸಂತೆ ಬಸ್ ಸ್ಟ್ಯಾಂಡ್ನಲ್ಲಿ ಬೋಂಡ ತಿಂದ," ಎಂದರು. ನಾನು ಹೂಂ ಎಂದೆ. ಪಡಸಾಲೆಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. "ಬಾಯಿಗೆ ಬಂದಂಗೆ ಹೂಂ ಅನ್ಬ್ಯಾಡ ಮಗಾ. ಕಿವಿಗೆ ಹೋಗಿ, ಒಳಗೆ ಕೂತ್ಮೇಲೆ ಅನ್ನು. ಕೂರ್ಲಿಲ್ಲ ಅಂದ್ರೆ ಸುಮ್ಕಿರು. ನಾನು ತಿದ್ಕೊಂಡು ಹೇಳ್ತೀನಿ."

ಕಥೆಗೆ ಕಾಲಿಲ್ಲ ಎಂದು ಗಾದೆ. ಅಕ್ಕ ಅದನ್ನು ಒಪ್ಪುತ್ತಿರಲಿಲ್ಲ. ಹೂಂ ಅನ್ನುವುದೇ ಅದರ ಕಾಲು, ಒಂದು ಹೂಂಗೆ ಒಂದು ಹೆಜ್ಜೆ ಎನ್ನುತ್ತಿದ್ದರು. ನಾನು ಸುಮ್ಮನಿದ್ದ ಕಡೆ ಅವರು ನಿಜವಾಗಿಯೂ ನಿಲ್ಲುತ್ತಿದ್ದರು. ಕೈಯಲ್ಲಿದ್ದ ಅವರೆಕಾಳನ್ನು ಹಿಸುಕಿ ಬೋಗುಣಿಗೆ ಹಾಕಿ, ಸ್ವಲ್ಪ ಯೋಚಿಸಿ, ಅದೇ ವಾಕ್ಯವನ್ನು ಬೇರೆ ಥರ ಹೇಳುತ್ತಿದ್ದರು. ಆಗ ನಾನು ಹೂಂ ಅನ್ನಬೇಕು. ಅಷ್ಟು ದೊಡ್ಡ ಹೆಂಗಸು, ಇಡೀ ಬೀದಿ ಹೆದರುವ ಹೆಂಗಸು, ನನ್ನಂಥವಳ ಒಂದು ಹೂಂಗೆ ಕಾದು ಕೂರುವುದನ್ನು ನೋಡಿ ನನಗೆ ತಲೆ ತಿರುಗುತ್ತಿತ್ತು.

ಮದುವೆಯ ಕಾಲದಲ್ಲಿ ಅವರ ಇನ್ನೊಂದು ಮುಖ ಕಾಣುತ್ತಿತ್ತು. ಜವಳಿ ತೆಗೆಯಲು, ಅಂದರೆ ಮದುವೆಯ ಬಟ್ಟೆ ಕೊಳ್ಳಲು, ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಂದು ಜೀಪು ತುಂಬ ಬಂದಿಳಿಯುವರು. ಅತ್ತೆಯಾಗುವವರು, ಅವರ ತಂಗಿಯರು, ಸೋದರತ್ತೆ, ಎಲ್ಲರೂ ಗಾದಿಯ ಮುಂದೆ. ಉಡುವ ಹುಡುಗಿ ಮಾತ್ರ ಹಿಂದೆಲ್ಲೋ ಗೋಡೆಗೆ ಒರಗಿ ಕೂತಿರುವಳು. ಅಕ್ಕ ಎಲ್ಲರಿಗೂ ಸೀರೆ ಬಿಚ್ಚಿ ಹರಡುವರು, ಎಲ್ಲರ ಮಾತೂ ಕೇಳುವರು. ಕೊನೆಗೆ ಆರಿಸಿದ ಸೀರೆಯನ್ನು ಕೈಗೆತ್ತಿಕೊಂಡು, ಎಲ್ಲರ ತಲೆಯ ಮೇಲಿಂದ ಆ ಹುಡುಗಿಯ ಕಡೆ ನೋಡಿ, "ನಿಂಗೆ ಒಪ್ಗೆನಾ ಮಗಾ?" ಎಂದು ಕೇಳುವರು. ಅವಳು ಬಾಯಿಬಿಟ್ಟು ಹೂಂ ಅನ್ನುವ ತನಕ ಆ ಸೀರೆಯನ್ನು ಅವರು ಕಟ್ಟುತ್ತಿರಲಿಲ್ಲ. ತಲೆ ಆಡಿಸಿದರೆ ಸಾಲದು.

ಒಮ್ಮೆ ದೊಡ್ಡ ತೋಟದ ಮನೆಯವರು ಬಂದಿದ್ದರು. ಅಕ್ಕ ಕೇಳಿದಾಗ ಹುಡುಗಿ ಸುಮ್ಮನಿದ್ದಳು. "ಅವಳಿಗೇನ್ರೀ ಗೊತ್ತಾಗ್ತದೆ, ನೀವು ಕಟ್ಟಿ," ಎಂದರು ಗಂಡಿನ ತಾಯಿ. ಅಕ್ಕ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡರು. "ಉಡೋಳು ಹೂಂ ಅನ್ಲಿ ಕಣ್ರವ್ವ. ಕಟ್ಟೋಕೆ ಎಷ್ಟೊತ್ತು." ಹುಡುಗಿ ಕೊನೆಗೂ ಬಾಯಿ ಬಿಡಲಿಲ್ಲ. ಅವರು ಸಿಟ್ಟಾಗಿ ಎದ್ದು ಎದುರು ಅಂಗಡಿಗೆ ಹೋದರು. ಮದುವೆ ಗಿರಾಕಿಯನ್ನು ಹೀಗೆ ಓಡಿಸುವುದುಂಟೇ ಎಂದು ಅಕ್ಕನ ಮೈದುನ ಕೂಗಾಡಿದರು. ಅಕ್ಕ ಬಿಚ್ಚಿದ ಸೀರೆಗಳನ್ನು ಮಡಿಸುತ್ತಾ ಕೂತಿದ್ದರು. ಅವರಿಗೆ ಹಟ ಜಾಸ್ತಿ ಎಂದು ಊರು ಮಾತಾಡಿಕೊಂಡಿತು. ನಾನೂ ಹಾಗೇ ತಿಳಿದಿದ್ದೆ.

ಹುಡುಗಿ ಹೂಂ ಅಂದರೆ ಮಾತ್ರ, ಸೀರೆ ಕಟ್ಟುತ್ತಾ ಕಟ್ಟುತ್ತಾ ತಮ್ಮ ಮದುವೆಯ ಕಥೆಯನ್ನು ಹೇಳುವರು. ನಮ್ಮೂರಿಗೆಲ್ಲ ಬಾಯಿಪಾಠವಾಗಿದ್ದ ಕಥೆ ಅದು.

ಒಬ್ಬ ಹುಡುಗ. ಸೈಕಲ್ಲಿನ ಹಿಂದೆ ಬಟ್ಟೆಯ ಗಂಟು ಕಟ್ಟಿಕೊಂಡು ಸಂತೆಗೆ ಬರುತ್ತಿದ್ದ. ಸಂತೆಯಲ್ಲಿ ಒಬ್ಬಳು ಹುಡುಗಿ, ಅಪ್ಪನ ಜೊತೆ ಕೂತು ಹಸಿಮೆಣಸಿನಕಾಯಿ ಮಾರುತ್ತಿದ್ದಳು. ಹುಡುಗ ಪ್ರತಿ ಸಂತೆಗೂ ಬಂದು ಮೆಣಸಿನಕಾಯಿ ಕೊಳ್ಳುವನು. ಅವನಿಗೋ ಖಾರ ಆಗುವುದಿಲ್ಲ. ಕೊಂಡದ್ದನ್ನೆಲ್ಲ ಹೋಗುವ ದಾರಿಯಲ್ಲಿ ಯಾರಿಗಾದರೂ ಕೊಟ್ಟುಬಿಡುವನು. ಒಂದು ದಿನ ಹುಡುಗಿಯ ಅಪ್ಪ ಕೇಳಿದ, "ಇಷ್ಟೊಂದು ಮೆಣಸಿನಕಾಯಿ ಏನ್ ಮಾಡ್ತೀಯಪ್ಪ?" ಹುಡುಗ ಮಾತಾಡದೆ ಗಂಟು ಬಿಚ್ಚಿದ. ಒಂದು ಸೀರೆ ತೆಗೆದು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟ. ಆ ಕಡೆ ಮೆಣಸಿನಕಾಯಿ, ಈ ಕಡೆ ಸೀರೆ. ಹುಡುಗಿ ನಕ್ಕಳು. "ಅಷ್ಟೇ ನೋಡವ್ವ," ಎಂದು ಅಕ್ಕ ದಾರವನ್ನು ಹಲ್ಲಿನಿಂದ ಕಡಿದು ಗಂಟು ಬಿಗಿಯುವರು. "ಆ ನಗೂನಲ್ಲೇ ಮದ್ವೆ ಆಗೋಯ್ತು."

ಎಷ್ಟು ಸಲ ಕೇಳಿದರೂ ನನಗೆ ಆ ತಕ್ಕಡಿ ಕಣ್ಣಿಗೆ ಕಟ್ಟುತ್ತಿತ್ತು. ಪಡಸಾಲೆಯ ಹೆಂಗಸರಿಗೂ ಅದನ್ನು ಕೇಳುವುದೆಂದರೆ ಆಸೆ. "ನಿಮ್ದು ಕಥೆ ಅಕ್ಕ," ಎಂದು ಅಮ್ಮ ನಗುವರು. "ನಮ್ದೇನಿದೆ. ಅಪ್ಪ ಹೇಳಿದ್ರು, ಬಂದೆ." ಮುಂದೆ ನಾನು ಕಥೆ ಬರೆಯಲು ಹೊರಟಾಗ, ಪ್ರೀತಿಯೆಂದರೆ ಹೀಗೆ ಇರಬೇಕು ಎಂದು ನನ್ನ ತಲೆಯಲ್ಲಿದ್ದದ್ದು ಆ ತಕ್ಕಡಿಯೇ. ಬದುಕಲು ಹೊರಟಾಗಲೂ ಅದೇ ಇತ್ತು.

ಎಂ.ಎ. ಮುಗಿಸಿ ನಾನು ಗೋಣಿಕೊಪ್ಪಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಅಲ್ಲಿ ಕಾಫಿ, ಕರಿಮೆಣಸು ಖರೀದಿಸುವ ಒಂದು ಕಚೇರಿಯಲ್ಲಿದ್ದ ಒಬ್ಬನ ಪರಿಚಯವಾಯಿತು. ಕರಾವಳಿಯ ಕಡೆಯವನು. ಚೆನ್ನಾಗಿ ಮಾತಾಡುತ್ತಿದ್ದ, ನಾನು ಬರೆದ ಕಥೆಗಳನ್ನು ಓದುತ್ತಿದ್ದ. ಕಥೆ ಓದುವ ಗಂಡಸು ಸಿಕ್ಕಿದರೆ ಕಥೆ ಬರೆಯುವ ಹುಡುಗಿಯ ಗತಿ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಜಾತಿ ಬೇರೆ, ಮನೆಮಾತು ಬೇರೆ. ಅವನಿಗೆ ಕೊಚ್ಚಿಗೆ ವರ್ಗವಾಯಿತು. ಒಂದು ದೇವಸ್ಥಾನದಲ್ಲಿ ತಾಳಿ ಕಟ್ಟಿ, ಮಡಿಕೇರಿಯಲ್ಲಿ ರಿಜಿಸ್ಟರ್ ಮಾಡಿಸಿ, ಅಲ್ಲಿಂದ ಸೀದಾ ಕೊಚ್ಚಿಗೆ ಹೋಗುವುದು, ಮದುವೆಯಾದ ಸುದ್ದಿಯನ್ನು ಎರಡೂ ಮನೆಗೆ ಆಮೇಲೆ ತಿಳಿಸುವುದು ಎಂದು ಮಾತಾಯಿತು. ನಾನು ಕೆಲಸ ಬಿಡಲು ತಯಾರಾದೆ. ಅಪ್ಪ ಅಮ್ಮನನ್ನು ಬಿಡಲೂ ತಯಾರಾದೆ. ಕೊನೆಯ ಸಲ ಮನೆ ನೋಡಿಕೊಂಡು ಬರೋಣವೆಂದು ಶನಿವಾರಸಂತೆಗೆ ಬಂದೆ.

ತಾಳಿ ಕಟ್ಟಿಸಿಕೊಳ್ಳುವಾಗ ಉಡಲು ಒಂದು ಸೀರೆ ಬೇಕಲ್ಲ. ಎಲ್ಲಿಯಾದರೂ ಕೊಳ್ಳಬಹುದಿತ್ತು. ನನ್ನ ಕಾಲು ಮಾತ್ರ ಅಕ್ಕನ ಅಂಗಡಿಗೇ ಹೋಯಿತು. ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು.

"ಒಂದು ಸೀರೆ ಬೇಕಿತ್ತಕ್ಕ. ನನ್ನ ಗೆಳತಿಗೆ. ಅವಳ ಮದುವೆ."

ಅಕ್ಕ ಕನ್ನಡಕದ ಮೇಲಿಂದ ನೋಡಿದರು. "ಗೆಳತಿ ಬರ್ಲಿಲ್ವಾ?"

"ಅವಳಿಗೆ ಬರೋಕಾಗಲ್ಲ."

"ಹಂಗಾರೆ ಅವಳ ಕಥೆ ಹೇಳು. ಉಡೋಳು ಎಂಥೋಳು ಅಂತ ತಿಳೀದೆ ನಾನು ಯಾವ್ದು ತೆಗೀಲಿ?"

ನಾನು ಗಾದಿಯ ಅಂಚಿನಲ್ಲಿ ಕೂತೆ. ಜೀವಮಾನದಲ್ಲಿ ಮೊದಲ ಸಲ ನಾನು ಹೇಳುವವಳು, ಅವರು ಹೂಂ ಅನ್ನುವವರು. ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು ಎಂದೆ. ಹೂಂ ಎಂದು ಅಕ್ಕ ಒಂದು ಸೀರೆ ಬಿಚ್ಚಿದರು. ಅವಳು ಓದಿದವಳು, ಆದರೆ ಲೋಕ ಅಷ್ಟಾಗಿ ಗೊತ್ತಿಲ್ಲ ಎಂದೆ. ಹೂಂ. ಅವಳಿಗೆ ಒಬ್ಬ ಹುಡುಗ ಸಿಕ್ಕಿದ. ಹೂಂ. ಒಳ್ಳೆಯವನು. ಹೂಂ. ಅವನಿಗೆ ಅವಳ ಮೇಲೆ ಪ್ರೀತಿ. ಒಂದು ಗಳಿಗೆ ಬಿಟ್ಟು, ಹೂಂ. ಎರಡೂ ಕಡೆ ಜಾತಿ ಬೇರೆ, ಅದಕ್ಕೇ ಯಾರಿಗೂ ಹೇಳದೆ ಮದುವೆಯಾಗಬೇಕು. ಹೂಂ. ಗಾದಿಯ ತುಂಬ ಸೀರೆ ಹರಡಿದ್ದವು. ನನಗೆ ಧೈರ್ಯ ಬಂದಿತ್ತು.

"ಆ ಹುಡುಗ ಅವರಮ್ಮನಿಗೆ ಇವಳ ವಿಷಯ ಹೇಳಿದಾನೆ," ಎಂದೆ.

ಅಕ್ಕನ ಬಾಯಿಂದ ಹೂಂ ಬರಲಿಲ್ಲ. ಅವರ ಕೈ ಒಂದು ಸೆರಗಿನ ಮೇಲಿತ್ತು. ಅದು ಅಲ್ಲೇ ನಿಂತಿತು. ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿದೆ. ಆಗಲೂ ಇಲ್ಲ. ಬೀದಿಯಲ್ಲಿ ಒಂದು ಪಿಕಪ್ ಹೋಯಿತು. ನನ್ನ ಕಿವಿ ಬಿಸಿಯಾಗತೊಡಗಿತು. ಆ ವಾಕ್ಯ ಹೇಗೆ ಬಂತು ನನ್ನ ಬಾಯಿಗೆ? ಅವನು ಯಾವತ್ತೂ ಹಾಗೆ ಹೇಳಿರಲಿಲ್ಲ. ಕಥೆಯಲ್ಲಿ ಆ ಜಾಗ ಖಾಲಿ ಕಾಣುತ್ತಿತ್ತೆಂದು ನಾನೇ ತುಂಬಿಕೊಂಡಿದ್ದೆ. ತುಂಬಿದ್ದು ಯಾವಾಗ ಎಂದೂ ನನಗೆ ನೆನಪಿರಲಿಲ್ಲ. ಎಷ್ಟೋ ತಿಂಗಳಿಂದ ಅದನ್ನು ನಂಬಿಕೊಂಡೇ ಇದ್ದೆ.

"ಹೇಳ್ತೀನಿ ಅಂದಿದಾನೆ," ಎಂದೆ.

"ಹೂಂ," ಎಂದರು ಅಕ್ಕ.

ಮುಂದೆ ನನಗೆ ಕಥೆ ಹೇಳಲಾಗಲಿಲ್ಲ. ಅಕ್ಕ ಬುದ್ಧಿವಾದ ಹೇಳಲಿಲ್ಲ, ಆ ಗೆಳತಿ ಯಾರು ಎಂದೂ ಕೇಳಲಿಲ್ಲ. ಹರಡಿದ ಸೀರೆಗಳಿಂದ ಒಂದನ್ನು ಎತ್ತಿ ಬೇರೆಯಿಟ್ಟರು. ಗೋಧಿ ಬಣ್ಣದ ಒಡಲು, ಕೆಂಪು ಅಂಚು. ನಾನು ಬಂದಾಗಿನಿಂದ ಕದ್ದು ಕದ್ದು ನೋಡುತ್ತಿದ್ದುದು ಅದನ್ನೇ. "ಇದು ಅವಳದು. ಮೇಲಿನ ಬೀರುವಿನಲ್ಲಿ ಇಟ್ಟಿರ್ತೀನಿ. ಸಂತೆ ಹೊತ್ಗೆ ಮೂರು ಮೊಳ ನೇಯ್ದಂಗೆ ಮಾಡ್ಕೋಬ್ಯಾಡ ಅನ್ನು. ಆ ಮಾತಿಗೆ ನಾನು ಹೂಂ ಅನ್ನಂಗಾದ ದಿನ ಬಂದು ತಗೊಂಡೋಗ್ಲಿ."

ಗೋಣಿಕೊಪ್ಪಲಿಗೆ ಹಿಂತಿರುಗಿ, ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವನನ್ನು ಕಂಡೆ. ಈಗ, ಇಲ್ಲೇ, ನನ್ನೆದುರು ನಿನ್ನ ಅಮ್ಮನಿಗೆ ಫೋನು ಮಾಡು ಎಂದೆ. ಮದುವೆಗೆ ಒಪ್ಪಬೇಕೆಂದಿಲ್ಲ, ಬೈದರೂ ಸರಿ, ನಾನು ಇದ್ದೇನೆ ಅಂತ ಗೊತ್ತಾದರೆ ಸಾಕು ಎಂದೆ. ಅವನು ಫೋನು ತೆಗೆದ. ನಂಬರು ಹುಡುಕಿದ. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲು ಇಟ್ಟ. "ಈಗ ಅಮ್ಮ ಪೂಜೇಲಿರ್ತಾರೆ," ಎಂದ. ಮಧ್ಯಾಹ್ನ ಮೂರು ಗಂಟೆಗೆ ಯಾವ ಪೂಜೆ ಎಂದು ನಾನು ಕೇಳಲಿಲ್ಲ. ಅವನು ಕೆಟ್ಟವನಲ್ಲ. ಆ ಒಂದು ಮಾತು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ. ಕೊಚ್ಚಿಗೆ ಅವನೊಬ್ಬನೇ ಹೋದ.

ಅಕ್ಕನಿಗೆ ನಾನು ಋಣಿಯಾದೆ ಎಂದು ಇಲ್ಲಿ ಬರೆದರೆ ಅದು ಸುಳ್ಳು. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ಊರಿಗೆ ಹೋದರೂ ಹಿಂದಿನ ಓಣಿಯಿಂದ ಮನೆ ಸೇರಿ, ಹಾಗೇ ಹಿಂತಿರುಗುತ್ತಿದ್ದೆ. ಅವರಿಗೇನು, ಮೆಣಸಿನಕಾಯಿಗೆ ಸೀರೆ ತೂಗಿದ ಗಂಡ ಸಿಕ್ಕಿದ್ದ, ನಗುನಗುತ್ತಾ ಮದುವೆಯಾಯಿತು, ಉಳಿದವರ ಕಥೆಗೆ ಕಲ್ಲು ಹಾಕಲು ಏನು ಅಡ್ಡಿ ಎಂದುಕೊಳ್ಳುತ್ತಿದ್ದೆ. ಒಂದು ಹೂಂ ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಎಷ್ಟೋ ಕಾಲ ಏನೂ ಬರೆಯಲಾಗಲಿಲ್ಲ. ಬರೆಯಲು ಕೂತರೆ ಪ್ರತಿ ವಾಕ್ಯದ ಕೊನೆಯಲ್ಲಿ ಯಾರೋ ಸುಮ್ಮನಿರುವುದು ಕೇಳಿಸುತ್ತಿತ್ತು.

ನಿಧಾನವಾಗಿ ಅದೇ ಅಭ್ಯಾಸವಾಯಿತು. ಬರೆದದ್ದನ್ನು ಗಟ್ಟಿಯಾಗಿ ಓದಿ, ನಿಂತು, ಹೂಂ ಬರುತ್ತದೆಯೇ ಎಂದು ಕಾಯುವುದು. ಬಾರದಿದ್ದರೆ ಅಲ್ಲಿ ನಾನು ಏನನ್ನೋ ತುಂಬಿದ್ದೇನೆ, ಹೆಚ್ಚಾಗಿ ನನಗೆ ಆಸೆಯಿದ್ದದ್ದನ್ನು. ಕಾಲೇಜಿನಲ್ಲಿ ಮಕ್ಕಳಿಗೆ ನಾನು ಹೇಳಿಕೊಡುವ ವಿಮರ್ಶೆಯೆಲ್ಲ ಇಷ್ಟೇ. ಅದನ್ನು ದೊಡ್ಡ ದೊಡ್ಡ ಪದಗಳಲ್ಲಿ ಹೇಳುತ್ತೇನೆ, ಸಂಬಳ ಕೊಡುತ್ತಾರಲ್ಲ.

ಕೆಲವು ವರ್ಷಗಳ ಮೇಲೆ ನನ್ನ ಮದುವೆ ನಿಶ್ಚಯವಾಯಿತು. ಮಡಿಕೇರಿ ಕಡೆಯವರು, ಅರೆಭಾಷೆ ಮಾತಾಡುವ ಮನೆ. ನನ್ನ ಗಂಡನಾಗುವವರು ಮೊದಲು ನನ್ನನ್ನು ಕೇಳಿ, ಆಮೇಲೆ ತಾಯಿಯನ್ನು ಕರೆದುಕೊಂಡು ಬಂದು ನನ್ನ ಅಪ್ಪ ಅಮ್ಮನನ್ನು ಕೇಳಿದರು. ಅಕ್ಕನ ಅಂಗಡಿಗೆ ಜವಳಿಗೆಂದು ಹೋದೆವು. ನನ್ನನ್ನು ಕಂಡ ಕೂಡಲೇ ಅಕ್ಕ ಸ್ಟೂಲು ತರಿಸಿ, ಮೇಲಿನ ಬೀರು ತೆಗೆಸಿ, ಒಂದು ಪೊಟ್ಟಣ ಇಳಿಸಿದರು. ಗೋಧಿ ಬಣ್ಣ, ಕೆಂಪು ಅಂಚು. ರೇಷ್ಮೆ ಒಂದೇ ಮಡಿಕೆಯಲ್ಲಿದ್ದರೆ ಗೆರೆಯಲ್ಲಿ ಸೀಳುತ್ತದೆ. ಅದು ಎಲ್ಲೂ ಸೀಳಿರಲಿಲ್ಲ. ನಾನು ಓಣಿಯಲ್ಲಿ ತಲೆಮರೆಸಿಕೊಂಡು ಓಡಾಡುತ್ತಿದ್ದ ಆ ವರ್ಷಗಳಲ್ಲಿ ಅವರು ಅದನ್ನು ಇಳಿಸಿ, ಬಿಚ್ಚಿ, ಮಡಿಕೆ ಬದಲಿಸಿ ಮತ್ತೆ ಇಡುತ್ತಿದ್ದರು ಎಂದು ಅವರ ಸೊಸೆ ಹೇಳಿದಳು. "ಈಗ ಹೇಳು, ಆ ನಿನ್ನ ಗೆಳತಿ ಕಥೆ," ಎಂದರು ಅಕ್ಕ. ನಾನು ಬಾಯಿ ತೆರೆಯುವ ಮೊದಲೇ, ನನ್ನ ಮುಖ ನೋಡಿ, "ಹೂಂ" ಎಂದುಬಿಟ್ಟರು. ಅಲ್ಲೇ, ಅಷ್ಟು ಜನರೆದುರು, ನಾನು ಅತ್ತೆ.

ಈ ವರ್ಷ ಮಳೆ ಶುರುವಾಗುವ ಮೊದಲು ಅವರಿಗೆ ಹುಷಾರು ತಪ್ಪಿತು. ಎದೆಯಲ್ಲಿ ನೀರು ತುಂಬುತ್ತಿತ್ತು. ನಾಲ್ಕು ಮಾತಾಡಿದರೆ ಉಸಿರು ಸಾಲುತ್ತಿರಲಿಲ್ಲ. ಅಂಗಡಿಯನ್ನು ಸೊಸೆ ನೋಡಿಕೊಳ್ಳುತ್ತಿದ್ದಳು, ನಡುನಡುವೆ ಒಳಗೆ ಬಂದು ಅತ್ತೆಯನ್ನೂ. ನಾನು ಹೋದ ದಿನ ಸಂತೆ. ಬೀದಿಯ ಗದ್ದಲ ಕೋಣೆಯವರೆಗೂ ಕೇಳಿಸುತ್ತಿತ್ತು. ಅಕ್ಕ ದಿಂಬಿಗೆ ಒರಗಿ ಕೂತಿದ್ದರು. ಕತ್ತರಿಯಿಲ್ಲದ ಅವರ ಸೊಂಟ ನೋಡಿ ನನಗೆ ಸಂಕಟವಾಯಿತು.

"ಕಥೆ ಹೇಳೋಕೆ ಉಸ್ರಿಲ್ಲ ಕಣೆ," ಎಂದರು. "ನೀನೇ ಹೇಳು. ನಂದೇ ಹೇಳು. ನಾನು ಹೂಂ ಅಂತೀನಿ."

ಅದಕ್ಕೇನು, ನನಗೆ ಬಾಯಿಪಾಠ. ಒಬ್ಬ ಹುಡುಗ ಎಂದೆ. ಹೂಂ. ಸೈಕಲ್ಲು, ಬಟ್ಟೆಯ ಗಂಟು. ಹೂಂ. ಅಪ್ಪನ ಜೊತೆ ಮೆಣಸಿನಕಾಯಿ ಮಾರುವ ಹುಡುಗಿ. ಹೂಂ. ಅವನು ಬಂದ, ಕೊಂಡ, ಮತ್ತೆ ಬಂದ. ಹೂಂ. ಖಾರ ಆಗುತ್ತಿರಲಿಲ್ಲ ಎಂದಾಗ ಅಕ್ಕನ ತುಟಿ ಸ್ವಲ್ಪ ಬಿರಿಯಿತು. ತಕ್ಕಡಿಯಲ್ಲಿ ಸೀರೆ ಇಟ್ಟ. ಹೂಂ.

"ಹುಡುಗಿ ನಕ್ಕಳು," ಎಂದೆ.

ಹೂಂ ಇಲ್ಲ.

ಆಯಾಸವಾಯಿತೇನೋ ಎಂದು ಅವರ ಮುಖ ನೋಡಿದೆ. ಕಣ್ಣು ತೆರೆದೇ ಇತ್ತು. ನನ್ನನ್ನೇ ನೋಡುತ್ತಿದ್ದರು. ಆ ನೋಟ ನನಗೆ ಹಳೆಯ ಪರಿಚಯ. ಗಾದಿಯ ಅಂಚಿನಲ್ಲಿ ಕೂತು ಕಿವಿ ಬಿಸಿಯಾದ ಆ ಮಧ್ಯಾಹ್ನದ್ದು. ಇನ್ನೊಂದು ಸಲ ಹೇಳಿದೆ, ಹುಡುಗಿ ನಕ್ಕಳು. ಇಲ್ಲ. ಜೀವಮಾನವೆಲ್ಲ ಕೇಳಿದ ಕಥೆಯಲ್ಲಿ ನಾನು ದಾರಿ ತಪ್ಪಿ ನಿಂತೆ. ಹುಡುಗಿ ನಗಲಿಲ್ಲವೆಂದರೆ ಅಲ್ಲಿ ಇನ್ಯಾರು ನಗಬೇಕು? ಅಲ್ಲಿದ್ದವರು ಮೂರೇ ಜನ.

"ಅಪ್ಪ ನಕ್ಕ," ಎಂದೆ.

"ಹೂಂ."

ಮುಂದಿನ ವಾಕ್ಯ ನನಗೆ ಗೊತ್ತಿತ್ತು. ಹೇಳುವ ಬದಲು ಅವರ ಹೊದಿಕೆ ಸರಿಮಾಡಿದೆ. ಅಕ್ಕ ಕಾದರು. ಮೊದಲೆಲ್ಲ ಅವರೆಕಾಳು ಕೈಯಲ್ಲಿ ಹಿಡಿದು ಕಾಯುತ್ತಿದ್ದರಲ್ಲ, ಹಾಗೆ.

"ಹುಡುಗೀನ ಯಾರೂ ಕೇಳ್ಲಿಲ್ಲ."

"ಹೂಂ," ಎಂದರು ಅಕ್ಕ. ದೊಡ್ಡ ಉಸಿರು ಬಿಟ್ಟರು. ಆಮೇಲೆ, ಉಸಿರಿಲ್ಲದಿದ್ದರೂ, ತಾವೇ ಹೇಳಿದರು. "ಅವ್ರು ಒಳ್ಳೇರೇ ಕಣೆ. ಒಂದಿನ ಬೈದೋರಲ್ಲ. ಕೇಳಿದ್ರೆ ನಾನು ಹೂಂ ಅಂತಿದ್ನೇನೋ. ಕೇಳ್ಲಿಲ್ಲ."

ನಾನು ಅವರ ಕೈ ಹಿಡಿದುಕೊಂಡೆ. ಜವಳಿಗೆ ಬಂದ ಹುಡುಗಿಯರು, ಗೋಡೆಗೆ ಒರಗಿ ಕೂತವರು, ಎಲ್ಲರ ತಲೆಯ ಮೇಲಿಂದ ಹೋಗುತ್ತಿದ್ದ ಆ ಒಂದು ಪ್ರಶ್ನೆ, ಎಲ್ಲವೂ ನೆನಪಿಗೆ ಬಂದವು. ಹಟ ಅಂದುಕೊಂಡಿದ್ದೆವು ನಾವು.

"ಮತ್ತೆ ಇಷ್ಟು ವರ್ಷ ನಕ್ಕಳು ಅಂತ ಯಾಕಕ್ಕ ಹೇಳಿದ್ರಿ?"

"ಅವ್ರು ಹಂಗೇ ಹೇಳ್ತಿದ್ರು ಎಲ್ಲಾರ್ಗೂ. ನಾನು ನಕ್ಕೆ ಅಂತ್ಲೇ ನಂಬಿದ್ರು. ಹೋದೋರ ಕಥೆ ತಿದ್ದೋದಾ?" ಉಸಿರು ಕೂಡಿಸಿಕೊಂಡರು. "ಈಗ ನಾನೂ ಹೊಂಟೆ. ಇನ್ಮ್ಯಾಕೆ ಹೇಳೋವಾಗ ಸರಿಯಾಗಿ ಹೇಳು."

ಬಾಗಿಲಲ್ಲಿ ಸೊಸೆ ಗಂಜಿಯ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯಲಿಲ್ಲ.

ಅಕ್ಕನ ಶಿವಗಣಾರಾಧನೆಗೆ ಊರೇ ಬಂದಿತ್ತು. ಅಂಗಡಿಯ ಮುಂದೆ ಬೀದಿಯ ಅಗಲಕ್ಕೂ ಶಾಮಿಯಾನ ಹಾಕಿದ್ದರು. ಎಲ್ಲಿ ನಾಲ್ಕು ಜನ ನಿಂತಿದ್ದರೂ ಅಲ್ಲಿ ಮೆಣಸಿನಕಾಯಿಯ ಕಥೆ ನಡೆಯುತ್ತಿತ್ತು. ಅವಳು ನಕ್ಕಳಂತೆ, ಅಷ್ಟಕ್ಕೇ ಮದುವೆಯಂತೆ, ಈಗಿನವರಿಗೆಲ್ಲಿ ಬರಬೇಕು ಅಂಥ ಪ್ರೀತಿ. ಅಕ್ಕನ ಫೋಟೋ ಗಂಡನ ಫೋಟೋದ ಪಕ್ಕದಲ್ಲಿತ್ತು. ಹಿರಿಯರು ಎರಡೆರಡು ಮಾತಾಡಿದ ಮೇಲೆ ಸೊಸೆ ನನ್ನ ಹತ್ತಿರ ಬಂದು ಮೈಕು ಕೊಟ್ಟಳು. "ಅತ್ತೆ ಕಥೇನ ನೀವೇ ಹೇಳಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಸರಿಯಾಗೇ ಹೇಳಿ," ಎಂದಳು. ಆ ದಿನ ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂದು ನನಗೆ ಆಗ ಗೊತ್ತಾಯಿತು.

ಪಾಠ ಮಾಡಿ ಬದುಕುವವಳು ನಾನು, ಆದರೂ ಎದ್ದು ನಿಲ್ಲಲು ಹೊತ್ತು ಹಿಡಿಯಿತು. ಮುಂದಿನ ಸಾಲಿನಲ್ಲಿ ಅಕ್ಕನ ಮಗ. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಸುಮ್ಮನೆ ನಕ್ಕಳು ಅಂದು ಮುಗಿಸಿಬಿಟ್ಟರೆ ಎಲ್ಲರೂ ಕಣ್ಣೊರೆಸಿಕೊಂಡು ಊಟಕ್ಕೆ ಏಳುವರು. ಯಾರಿಗೂ ನಷ್ಟವಿಲ್ಲ. ಸೈಕಲ್ಲಿನ ಕಥೆ ಹೇಳಿದೆ. ಮೆಣಸಿನಕಾಯಿಯ ಕಥೆ ಹೇಳಿದೆ. ತಕ್ಕಡಿಯ ಹತ್ತಿರ ಬಂದಾಗ ಜನ ಆಗಲೇ ನಗಲು ಸಿದ್ಧರಾಗಿದ್ದರು.

"ನಕ್ಕಿದ್ದು ಹುಡುಗಿ ಅಲ್ಲ, ಅವಳಪ್ಪ," ಎಂದೆ. "ಹುಡುಗೀನ ಯಾರೂ ಕೇಳ್ಲಿಲ್ಲ."

ಅಡುಗೆಯ ಕಡೆ ಯಾರೋ ಪಾತ್ರೆ ಎಳೆದ ಸದ್ದು. ಅಕ್ಕನ ಮಗ ತಲೆಯೆತ್ತಿ ನನ್ನನ್ನು ನೋಡಿದ. ನಾನು ಮೈಕು ಹಿಡಿದುಕೊಂಡು, ಕಲಿತ ಹಾಗೆ, ಕಾದೆ.

ಹೆಂಗಸರ ಕಡೆ, ಹಿಂದಿನ ಸಾಲಿನಿಂದ, ಒಂದು ಮುದಿ ದನಿ "ಹೂಂ" ಎಂದಿತು. ಪಡಸಾಲೆಗೆ ಅವರೆಕಾಳು ಹಿಸುಕಲು ಬರುತ್ತಿದ್ದವರಲ್ಲಿ ಯಾರೋ ಒಬ್ಬರು. ಅದರ ಹಿಂದೆಯೇ ಇನ್ನೊಂದು ಕಡೆಯಿಂದ ಇನ್ನೊಂದು. ಆಮೇಲೆ ಹತ್ತಿರದಿಂದ, ಮೆತ್ತಗೆ, ಮತ್ತೊಂದು ಹೂಂ ಕೇಳಿತು. ಆ ದನಿ ನನಗೆ ಚೆನ್ನಾಗಿ ಗೊತ್ತಿತ್ತು. ಅಮ್ಮ ತಲೆ ತಗ್ಗಿಸಿ ಸೆರಗಿನ ಅಂಚನ್ನು ನೋಡುತ್ತಾ ಕೂತಿದ್ದರು. ಅಪ್ಪ ಗಂಡಸರ ಸಾಲಿನಿಂದ ತಿರುಗಿ ಅಮ್ಮನ ಕಡೆ ನೋಡಿದರು.